ಎಲ್‌ಕೆಜಿ ಕೂಸಿಗೆ ಯಾಕ್ರೀ ಥೀಮ್ ಪಾರ್ಕು?

ಡಿಸೆಂಬರ್ ಬಂತೆಂದರೆ ನಮ್ಮ ಹಳ್ಳಿಗಳ ಪೋಷಕರ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂದು ಬೀಳುತ್ತದೆ. ‘ಪ್ರಿಯ ಪೋಷಕರೇ, ಈ ವರ್ಷ ನಮ್ಮ ಶಾಲೆಯಿಂದ ಥೀಮ್ ಪಾರ್ಕ್ ಪ್ರವಾಸ. ಎಲ್‌ಕೆಜಿ, ಯುಕೆಜಿ ಮಕ್ಕಳೂ ಬರಬಹುದು. ಇಂಥ ತಾರೀಕಿನೊಳಗೆ ಹಣ ಕಟ್ಟಿ.’ ಕೆಳಗೊಂದು ಫೋಟೊ. ನೀರಿನ ಜಾರುಬಂಡೆಯಲ್ಲಿ ಕೈ ಮೇಲೆತ್ತಿ ಕಿರುಚುತ್ತಿರುವ ಹುಡುಗ ಹುಡುಗಿಯರು. ಫೋಟೊದಲ್ಲಿ ಇರುವವರಿಗೆಲ್ಲ ಇಪ್ಪತ್ತು ದಾಟಿದೆ. ಹಣ ಕಟ್ಟಬೇಕಾದ ಮಗುವಿಗೆ ನಾಲ್ಕು.

ಆ ಮೆಸೇಜಿಗೆ ‘ಬೇಡ’ ಎನ್ನಿ. ಇಷ್ಟು ಹೇಳುವುದಕ್ಕೇ ಈ ಬರಹ. ಆರು ವರ್ಷ ತುಂಬದ ಮಕ್ಕಳನ್ನು ಥೀಮ್ ಪಾರ್ಕಿಗೆ ಶಾಲಾ ಪ್ರವಾಸ ಒಯ್ಯುವುದು ನಿಲ್ಲಬೇಕು. ಅದರಿಂದ ಮಗುವಿಗೆ ಸಿಗುವುದು ಕಡಿಮೆ, ಶಾಲೆಗೆ ಸಿಗುವುದು ಹೆಚ್ಚು, ಸಾಲ ಉಳಿಯುವುದು ನಿಮ್ಮ ಹೆಸರಿನಲ್ಲಿ.

ಮೊದಲು ಎತ್ತರದ ಲೆಕ್ಕ ನೋಡೋಣ. ಇದು ಹಣ ಕಟ್ಟುವ ಮೊದಲು ಯಾರೂ ಹೇಳದ ಲೆಕ್ಕ.

ಪಾರ್ಕುಗಳಲ್ಲಿ ಮಗುವಿನ ವಯಸ್ಸು ಕೇಳುವುದಕ್ಕಿಂತ ಎತ್ತರ ಅಳೆಯುವುದೇ ಹೆಚ್ಚು. ನಮ್ಮ ಕಡೆಯ ಬಸ್ಸುಗಳು ಹೆಚ್ಚಾಗಿ ಹೋಗುವುದು ಬಿಡದಿ ಹತ್ತಿರದ ವಂಡರ್‌ಲಾಗೆ. 2005ರಲ್ಲಿ ಶುರುವಾದ ಪಾರ್ಕು. ಅಲ್ಲಿ 85 ಸೆಂಟಿಮೀಟರ್ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ಪ್ರಕಾರ ಎರಡು ವರ್ಷದ ಮಗುವೇ ಸುಮಾರು 86-87 ಸೆಂ.ಮೀ. ಇರುತ್ತದೆ. ಮೂರಕ್ಕೆ 95, ಐದಕ್ಕೆ 110 ಆಸುಪಾಸು. ಅಂದರೆ ಎಲ್‌ಕೆಜಿ ಸೇರಿದ ಮಗು ಟಿಕೆಟ್ಟಿನ ಮಟ್ಟಿಗೆ ಆಗಲೇ ದೊಡ್ಡದು.

ಆಟದ ಮಟ್ಟಿಗೆ? ಫೋಟೊದಲ್ಲಿ ಕಾಣುವ ದೊಡ್ಡ ಆಟಗಳಿಗೆ ನಮ್ಮ ಪಾರ್ಕುಗಳಲ್ಲಿ 120, ಕೆಲವಕ್ಕೆ 140 ಸೆಂ.ಮೀ. ಎತ್ತರ ಬೇಕು. 120 ಮುಟ್ಟುವುದು ಏಳರ ಹೊತ್ತಿಗೆ. 140 ದಾಟುವಾಗ ಹತ್ತು ತುಂಬಿರುತ್ತದೆ. ಇದೂ ಚೆನ್ನಾಗಿ ಬೆಳೆದ ಮಕ್ಕಳ ಮಾತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನಮ್ಮ ಓಣಿಯ ಮಕ್ಕಳು ಆ ಕೋಲಿನ ಗುರುತು ಮುಟ್ಟುವುದು ಪಟ್ಟಿಯಲ್ಲಿ ಬರೆದದ್ದಕ್ಕಿಂತ ಇನ್ನೂ ತಡ.

ಹಾಗಂತ ಎತ್ತರದ ನಿಯಮ ತಪ್ಪು ಅಂತಲ್ಲ. ಸರಿಯಾಗಿಯೇ ಇದೆ. ಬೆಲ್ಟು ಹೆಗಲಿಗೆ ಕೂರದ ಮಗುವನ್ನು ಹತ್ತಿಸಬಾರದು. ಯಾವ ಅಪ್ಪನೂ ಗೇಟಿನಲ್ಲಿ ‘ಅಣ್ಣಾ, ಒಂದು ಸಲ ಬಿಡಿ’ ಅಂತ ಕೈಮುಗಿಯಬಾರದು, ಬಿಟ್ಟರೂ ಹತ್ತಿಸಬಾರದು. ನನ್ನ ತಕರಾರು ಇರುವುದು ಆ ಕೋಲಿನ ಮೇಲಲ್ಲ. ಆ ಕೋಲು ಇರುವುದು ಗೊತ್ತಿದ್ದೂ ಹಳ್ಳಿಯಿಂದ ಮಗುವಿನ ಹೆಸರು ಬರೆದುಕೊಂಡು ಹಣ ವಸೂಲು ಮಾಡುವವರ ಮೇಲೆ. ನಿಮ್ಮೂರಿನ ಅಂಗನವಾಡಿಯಲ್ಲಿ ಎತ್ತರ ಅಳೆಯುವ ಪಟ್ಟಿ ಇರುತ್ತದೆ. ಹಣ ಕಟ್ಟುವ ಮೊದಲು ಮಗುವನ್ನು ಕರೆದುಕೊಂಡು ಹೋಗಿ ನಿಲ್ಲಿಸಿ, ಎರಡು ನಿಮಿಷದ ಕೆಲಸ.

ಪುಟ್ಟ ಮಕ್ಕಳಿಗೂ ಅಲ್ಲಿ ಆಟ ಇವೆಯಲ್ಲ ಅನ್ನುತ್ತೀರಿ. ಇವೆ. ಸುತ್ತುವ ಕುದುರೆ, ಚಿಕ್ಕ ರೈಲು, ಮೊಣಕಾಲುದ್ದದ ನೀರು. ಆದರೆ ಇವೇ ಆಟ ನಾಯಕನಹಟ್ಟಿ ಜಾತ್ರೆಯಲ್ಲೂ ಬರುತ್ತವೆ. ಜಾತ್ರೆಯಲ್ಲಿ ಹತ್ತಿದ ಆಟಕ್ಕೆ ಮಾತ್ರ ದುಡ್ಡು. ಮಗು ಅತ್ತರೆ ಇಳಿಸಿ, ಮಂಡಕ್ಕಿ ಕೊಡಿಸಿ, ಮನೆಗೆ ನಡೆದರಾಯಿತು. ಪಾರ್ಕಿನಲ್ಲಿ ಗೇಟಿನಲ್ಲೇ ಇಡೀ ದಿನದ ದುಡ್ಡು ಕಟ್ಟಿಬಿಟ್ಟಿರುತ್ತೀರಿ. ಮಗು ಹತ್ತಲಿ ಬಿಡಲಿ, ಮಲಗಲಿ, ವಾಂತಿ ಮಾಡಿಕೊಳ್ಳಲಿ, ಲೆಕ್ಕ ಅದೇ. ಮೇಲೆ ಜಿಎಸ್‌ಟಿ. ಥೀಮ್ ಪಾರ್ಕ್ ಪ್ರವೇಶಕ್ಕೆ ಮೊದಲು ಶೇ 28 ಇತ್ತು, 2018ರಲ್ಲಿ ಶೇ 18ಕ್ಕೆ ಇಳಿಸಿದರು. ಮೃಗಾಲಯದ ಟಿಕೆಟ್ಟಿಗೆ ಜಿಎಸ್‌ಟಿಯೇ ಇಲ್ಲ, ಇದನ್ನು ನೆನಪಿಟ್ಟುಕೊಳ್ಳಿ. (ಜಾತ್ರೆಯ ತೊಟ್ಟಿಲಿನ ನಟ್ಟು ಬೋಲ್ಟು ಯಾರು ನೋಡುತ್ತಾರೆ ಅನ್ನುವುದು ಬೇರೆ ಜಗಳ. ಅದನ್ನೂ ಒಂದು ದಿನ ಆಡೋಣ.)

ಇನ್ನು ಆ ದಿನವನ್ನು ಮಗುವಿನ ಕಡೆಯಿಂದ ನೋಡಿ. ಚಳ್ಳಕೆರೆ ಸೀಮೆಯಿಂದ ಬಿಡದಿಗೆ ಹೋಗಿ ಬರಲು ನಾನೂರು ಕಿಲೋಮೀಟರಿನ ಆಚೀಚೆ ಆಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು ಅಂದರೆ ಮೂರಕ್ಕೇ ಮಗುವನ್ನು ಎಬ್ಬಿಸಬೇಕು. ಹಿರಿಯೂರು ದಾಟುವ ಮೊದಲೇ ಮುಂದಿನ ಸೀಟಿನ ಮಗು ಕಕ್ಕಿರುತ್ತದೆ. ಎಲ್ಲಾದರೂ ಬಸ್ ನಿಲ್ಲಿಸಿ ಉಪ್ಪಿಟ್ಟು. ಪಾರ್ಕಿನ ಬಾಗಿಲಲ್ಲಿ ಬ್ಯಾಗ್ ತಪಾಸಣೆ. ಅಮ್ಮ ಕಟ್ಟಿಕೊಟ್ಟ ಚಪಾತಿ, ಚಿತ್ರಾನ್ನದ ಡಬ್ಬಿ ಒಳಗೆ ಬಿಡುವುದಿಲ್ಲ, ಬಹುತೇಕ ಪಾರ್ಕುಗಳಲ್ಲಿ ಇದೇ ಕಟ್ಟಳೆ. ನೀರಿನ ಆಟಕ್ಕೆ ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಬಟ್ಟೆ ಬೇಕು, ತರದಿದ್ದರೆ ಅಲ್ಲೇ ಕೊಳ್ಳಿ. ಡಿಸೆಂಬರ್ ಚಳಿಯಲ್ಲಿ ಒದ್ದೆ ನೈಲಾನ್ ಹಾಕಿಕೊಂಡು ತುಟಿ ನೀಲಿಯಾದ ಮಗುವನ್ನು ಬಿಸಿಲು ಹುಡುಕಿ ನಿಲ್ಲಿಸುತ್ತಾರೆ. ಸಂಜೆ ಹೊರಟು ಊರು ಸೇರುವಾಗ ನಡುರಾತ್ರಿ.

ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಧ್ಯಾಹ್ನದ ಜೊಂಪೂ ಅದರಲ್ಲಿ ಸೇರಿದೆ. ನಾವು ಅದೇ ಮಗುವನ್ನು ಇಪ್ಪತ್ತು ಗಂಟೆ ಎಚ್ಚರ ಇಟ್ಟು, ಸ್ಪೀಕರಿನ ಗದ್ದಲದಲ್ಲಿ, ಗುರುತಿಲ್ಲದ ಸಾವಿರಾರು ಜನರ ನಡುವೆ ಕ್ಯೂ ನಿಲ್ಲಿಸಿ, ಅದನ್ನು ‘ಎಂಜಾಯ್‌ಮೆಂಟ್’ ಅನ್ನುತ್ತೇವೆ. ಅತ್ತರೆ ‘ಇಷ್ಟು ದುಡ್ಡು ಕೊಟ್ಟು ಕರ್ಕೊಂಡ್ ಬಂದ್ರೆ ಅಳ್ತೀಯಾ’ ಅಂತ ಬೆನ್ನಿಗೊಂದು ಗುದ್ದು.

ಈಗ ಭಯದ ಮಾತು. ಇಲ್ಲಿ ಮೃದುವಾಗಿ ಬರೆಯಲು ನನಗೆ ಮನಸ್ಸಿಲ್ಲ.

2024ರ ಜನವರಿ 18ರಂದು ಗುಜರಾತಿನ ವಡೋದರದಲ್ಲಿ ಹರ್ಣಿ ಕೆರೆಯ ದೋಣಿ ಮಗುಚಿತು. ಶಾಲೆಯಿಂದ ಪಿಕ್‌ನಿಕ್ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅದೇ ವರ್ಷ ಮೇ 25ಕ್ಕೆ ಅದೇ ರಾಜ್ಯದ ರಾಜ್‌ಕೋಟ್‌ನಲ್ಲಿ ಟಿಆರ್‌ಪಿ ಗೇಮ್ ಝೋನ್‌ಗೆ ಬೆಂಕಿ ಬಿತ್ತು. 27 ಜನ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಆ ಜಾಗಕ್ಕೆ ಇರಲಿಲ್ಲ. ಆ ದಿನ ಟಿಕೆಟ್ ಬೆಲೆ 99 ರೂಪಾಯಿ ಅಂತ ಆಫರ್ ಇತ್ತು. ಅದೇ ಡಿಸೆಂಬರಿನಲ್ಲಿ ನಮ್ಮದೇ ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದರು. ಅವರು ಹೈಸ್ಕೂಲ್ ಮಟ್ಟದ ಹುಡುಗಿಯರು, ‘ಕಾಪಾಡಿ’ ಅಂತ ಕೂಗಬಲ್ಲವರು.

ಇವು ಥೀಮ್ ಪಾರ್ಕಿನಲ್ಲಿ ಆದ ಸಾವುಗಳಲ್ಲ, ಸರಿ. ದೊಡ್ಡ ಪಾರ್ಕುಗಳಲ್ಲಿ ಕಾವಲಿನವರು ಇರುತ್ತಾರೆ, ಅದೂ ಸರಿ. ಆದರೆ ಮೂರಕ್ಕೂ ಸಂಬಂಧಪಟ್ಟ ಒಂದು ಪ್ರಶ್ನೆ ನಿಮ್ಮ ಶಾಲೆಗೂ ಸಲ್ಲುತ್ತದೆ: ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು, ಅವರ ಕಣ್ಣು ಎಲ್ಲಿ? ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು ಎನ್ನುತ್ತದೆ ಕೇಂದ್ರ ಸರ್ಕಾರದ 2013ರ ಶಾಲಾಪೂರ್ವ ಶಿಕ್ಷಣ ನೀತಿ. ಅದು ನಾಲ್ಕು ಗೋಡೆಯ ನಡುವೆ, ಚಾಪೆಯ ಮೇಲೆ ಕೂತ 20 ಮಕ್ಕಳ ಲೆಕ್ಕ. ನೀರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸಾಯುವ ಪ್ರಮಾಣ ಅತಿ ಹೆಚ್ಚಿರುವುದು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲೇ. ಈ ವಯಸ್ಸಿನ ಮಗು ಮುಳುಗುವಾಗ ಸಿನಿಮಾದ ಹಾಗೆ ಕೈಕಾಲು ಬಡಿದು ಕೂಗುವುದಿಲ್ಲ. ಮೊಣಕಾಲುದ್ದದ ನೀರಲ್ಲಿ ಸದ್ದಿಲ್ಲದೆ ಮುಖ ಕೆಳಗಾಗುತ್ತದೆ, ಅಷ್ಟೆ. ಮಿಸ್ ಆಗ ಇನ್ನೊಂದು ಮಗುವಿನ ಚಡ್ಡಿ ಬದಲಿಸುತ್ತಿರುತ್ತಾರೆ. ಆ ಮಿಸ್ಸನ್ನು ದೂರುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ಚೂರುಪಾರು ಸಂಬಳಕ್ಕೆ ದುಡಿಯುವ ಹಳ್ಳಿಯ ಹೆಣ್ಣುಮಗಳ ಕೈಗೆ ಹದಿನೈದು ಕೂಸುಗಳ ಜೀವ ಕೊಟ್ಟು ಕಳಿಸಿದವರು ಯಾರು, ಅವರನ್ನು ಕೇಳಬೇಕು.

ಹಾಗಾದರೆ ಶಾಲೆಗಳಿಗೆ ಇದು ಯಾಕೆ ಬೇಕು? ಪ್ರವಾಸದ ಫೋಟೊ ಜನವರಿಯಲ್ಲಿ ಸ್ಟೇಟಸ್ ಆಗುತ್ತದೆ, ಏಪ್ರಿಲ್‌ನಲ್ಲಿ ಅಡ್ಮಿಷನ್ ಬ್ಯಾನರ್ ಆಗುತ್ತದೆ. ಪಕ್ಕದೂರಿನ ಕಾನ್ವೆಂಟ್ ಒಯ್ದರೆ ನಾವೂ ಒಯ್ಯಬೇಕು ಅನ್ನುವ ಪೈಪೋಟಿ. ಶಾಲಾ ಗುಂಪುಗಳಿಗೆ ಪಾರ್ಕುಗಳು ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡುತ್ತವೆ. ಆ ರಿಯಾಯಿತಿ ನಿಮ್ಮ ಜೇಬಿಗೆ ಇಳಿಯಿತೋ ಇನ್ಯಾರದ್ದಕ್ಕೋ? ಬಿಲ್ ತೋರಿಸಿ ಅಂತ ಕೇಳಿ. ಕೇಳುವುದು ಜಗಳವಲ್ಲ, ಹಕ್ಕು. ಕೇಳಿದವರ ಮಗುವನ್ನು ಮರುದಿನ ಬೇರೆ ತರ ನೋಡುತ್ತಾರೆ ಅನ್ನುವ ಭಯ ಇದ್ದರೆ ನಾಲ್ಕು ಮನೆಯವರು ಒಟ್ಟಿಗೆ ಹೋಗಿ.

ನಮ್ಮ ಪಾಲೂ ಇದೆ ಇದರಲ್ಲಿ. ಶೇಂಗಾ ಕೈಕೊಟ್ಟ ವರ್ಷವೂ ಸಂಘದಲ್ಲಿ ಸಾಲ ಎತ್ತಿ ಪ್ರವಾಸಕ್ಕೆ ಕಟ್ಟುವವರಿದ್ದಾರೆ. ಯಾಕಪ್ಪಾ ಅಂದರೆ, ‘ಎಲ್ಲಾ ಮಕ್ಳೂ ಹೋಗ್ತಾವೆ ಸಾರ್, ನಮ್ದೊಂದು ಮನೇಲಿದ್ರೆ ಮಗು ಏನಂದುಕೊಳ್ಳುತ್ತೆ?’ ಇದಕ್ಕಿಂತ ಗಟ್ಟಿಯಾದ ಇನ್ನೊಂದು ಮಾತೂ ಬರುತ್ತದೆ: ‘ಸಿಟಿ ಮಕ್ಳು ಹೋಗ್ಬೋದು, ನಮ್ಮೋರು ಜಾತ್ರೆ ನೋಡ್ಕೊಂಡೇ ಇರ್ಬೇಕಾ?’

ಈ ಎರಡನೆಯ ಮಾತಿಗೆ ನಾನು ತಲೆಬಾಗುತ್ತೇನೆ. ಆ ಸಿಟ್ಟು ನ್ಯಾಯದ್ದು. ಬೇರೆಯವರಿಗೆ ಸಿಕ್ಕ ಸುಖ ನಮ್ಮ ಮಕ್ಕಳಿಗೂ ಸಿಗಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಸಿಕ್ಕರೆ ಸರಿಯಾಗಿ ಸಿಗಲಿ. ಐದನೇ ಕ್ಲಾಸೋ ಆರನೇ ಕ್ಲಾಸೋ ಇರುವಾಗ ಕಳಿಸಿ. ಆಗ ಅದೇ ದುಡ್ಡಿಗೆ ಎಲ್ಲ ಆಟ ಹತ್ತುತ್ತಾಳೆ, ಊರಿಗೆ ಬಂದು ತಿಂಗಳುಗಟ್ಟಲೆ ಹೇಳುತ್ತಾಳೆ, ಮುಪ್ಪಿನವರೆಗೂ ನೆನಪಿರುತ್ತದೆ. ಮೂರು ವರ್ಷದಲ್ಲಿ ಹೋಗಿದ್ದನ್ನು ದೊಡ್ಡವರಾದ ಮೇಲೆ ನೆನಪಿಟ್ಟುಕೊಂಡವರು ಯಾರಿದ್ದಾರೆ? ಸಿಟಿಯವರು ಕಾರಿನಲ್ಲಿ ಒಂದು ಗಂಟೆಯಲ್ಲಿ ಹೋಗಿ, ಮಗು ಸುಸ್ತಾದರೆ ಮಧ್ಯಾಹ್ನವೇ ವಾಪಸ್ ಬರುತ್ತಾರೆ. ಅವರ ಭಾನುವಾರಕ್ಕೂ ನಮ್ಮ ನಾನೂರು ಕಿಲೋಮೀಟರಿಗೂ ಹೋಲಿಕೆ ಎಲ್ಲಿ?

ಚಿಕ್ಕವರನ್ನು ಎಲ್ಲಿಗೂ ಒಯ್ಯಬೇಡಿ ಅಂತಲೂ ನಾನು ಹೇಳುತ್ತಿಲ್ಲ. ಕೆಎಸ್‌ಆರ್‌ಟಿಸಿಯಲ್ಲಿ ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೂ ಇಲ್ಲ. ಚಿತ್ರದುರ್ಗದ ಆಡುಮಲ್ಲೇಶ್ವರದಲ್ಲಿ ಕಿರು ಮೃಗಾಲಯ ಇದೆ. ವಾಣಿವಿಲಾಸ ಸಾಗರ ಇದೆ, 89 ವರ್ಷದ ಮೇಲೆ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಗಿತ್ತಲ್ಲ, ಅದೇ. ಬುತ್ತಿ ಕಟ್ಟಿಕೊಂಡು ಹೋಗಿ, ಮಗುವಿನ ಕೈ ನಿಮ್ಮ ಕೈಯಲ್ಲೇ ಇರಲಿ, ಸಂಜೆಗೆ ಮನೆ.

ಉಳಿದ ದಿನಗಳ ಮಾತೇನು? ವರ್ಷಕ್ಕೆ ಒಂದು ದಿನ ಆಡಲು ಬಿಡದಿಗೆ ಹೋಗುವ ಮಗು ಉಳಿದ ಮುನ್ನೂರು ಚಿಲ್ಲರೆ ದಿನ ಎಲ್ಲಿ ಆಡುತ್ತದೆ? ಕಾನ್ವೆಂಟಿನ ಮುಂದೆ ಇಂಟರ್‌ಲಾಕ್ ಕಲ್ಲು ಹಾಸಿದ ಅಂಗಳ, ಅದರಲ್ಲಿ ಹಳದಿ ಬಸ್ಸು. ಅಂಗನವಾಡಿ ಮುಂದೆ ತಿಪ್ಪೆ. ಕರ್ನಾಟಕದಲ್ಲಿ ಅಂಗನವಾಡಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ತಿ. ನರಸೀಪುರದಲ್ಲಿ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಇವೆ. ನೀವು ಈಗ ಎದ್ದು ಹೋಗಿ ನಿಮ್ಮೂರಿನದನ್ನು ನೋಡಿ ಬನ್ನಿ. ಉಯ್ಯಾಲೆ ಇದೆಯಾ? ಜಾರುಬಂಡೆ ಇದೆಯಾ? ಇದ್ದರೆ ಅದರ ತಗಡು ಹರಿದು ಮಗುವಿನ ತೊಡೆ ಕೊಯ್ಯುವ ಹಾಗಿದೆಯಾ?

ನಲವತ್ತು ಮನೆಯವರು ಒಂದು ಪ್ರವಾಸಕ್ಕೆ ಕಟ್ಟುವ ದುಡ್ಡನ್ನು ಒಂದು ಹಾಳೆಯ ಮೇಲೆ ಕೂಡಿಸಿ ನೋಡಿ. ಬಸ್ಸು, ಟಿಕೆಟ್ಟು, ಊಟ, ನೈಲಾನ್ ಚಡ್ಡಿ ಎಲ್ಲ. ನಂತರ ನಿಮ್ಮೂರಿನ ವೆಲ್ಡಿಂಗ್ ಅಂಗಡಿಯವನನ್ನು ಕೇಳಿ, ಎರಡು ಉಯ್ಯಾಲೆ, ಒಂದು ಜಾರುಬಂಡೆ, ಒಂದು ಏತ ಮಾಡಲು ಏನಾಗುತ್ತದೆ ಅಂತ. ಒಂದು ಟ್ರ್ಯಾಕ್ಟರ್ ಲೋಡ್ ಮರಳು, ಎರಡು ಹಳೆ ಲಾರಿ ಟೈರು, ಗಟ್ಟಿ ಕೊಂಬೆಯ ಒಂದು ಬೇವಿನ ಮರ. ಎತ್ತರ ಅಳೆಯುವ ಕೋಲು ಇಲ್ಲಿ ಬೇಕಿಲ್ಲ.

ಅದೂ ನಿಮ್ಮ ಜೇಬಿನಿಂದಲೇ ಆಗಬೇಕು ಅಂತೇನಿಲ್ಲ. ಶಾಲಾ ಕಾಂಪೌಂಡು, ಆಟದ ಮೈದಾನ, ಅಂಗನವಾಡಿ ಕಟ್ಟಡಗಳನ್ನು ನರೇಗಾದಲ್ಲಿ ಕಟ್ಟಿಸಿದ ಗ್ರಾಮ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಅವರೂ ನಮ್ಮಂಥ ಊರಿನವರೇ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರು, ಕ್ರಿಯಾಯೋಜನೆಗೆ ಸೇರಿಸಿಕೊಂಡರು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಯಾವತ್ತು ಅಂತ ಪಿಡಿಒ ಅವರಿಗೆ ಫೋನ್ ಮಾಡಿ ಕೇಳಿ. ತಾರೀಕು ಗೊತ್ತಾದ ಮೇಲೆ ಅದನ್ನು ಅದೇ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿ, ಪ್ರವಾಸದ ಮೆಸೇಜಿನ ಕೆಳಗೇ.