ಯಜಮಾನರಿಗೂ ಬೇಕು ಐದು ನಿಮಿಷದ ಮೌನ

ರಕ್ತದೊತ್ತಡ ಪರೀಕ್ಷಿಸುವ ಮೊದಲು ವೈದ್ಯರು ನಿಮ್ಮನ್ನು ಐದು ನಿಮಿಷ ಸುಮ್ಮನೆ ಕುಳ್ಳಿರಿಸುವುದೇಕೆಂದು ಯೋಚಿಸಿದ್ದೀರಾ? ಬೆನ್ನು ಕುರ್ಚಿಗೆ ಒರಗಿರಬೇಕು, ಪಾದಗಳು ನೆಲದ ಮೇಲಿರಬೇಕು, ಮಾತು ಬೇಡ. ಬಸ್ಸಿಳಿದು ಓಡಿ ಬಂದವರ, ಪರೀಕ್ಷೆಯ ನಡುವೆ ಮಾತನಾಡುವವರ ರಕ್ತದೊತ್ತಡ ನಿಜಕ್ಕಿಂತ ಹೆಚ್ಚು ತೋರುತ್ತದೆ. ಬರಿಯ ಮಾತಿನಿಂದಲೇ ಮೇಲಿನ ಅಂಕಿ ಹತ್ತರಷ್ಟು ಏರಬಹುದು. ಯಂತ್ರ ಸರಿಯಾಗಿಯೇ ಇರುತ್ತದೆ. ದೇಹ ಇನ್ನೂ ಶಾಂತವಾಗಿರುವುದಿಲ್ಲ, ಅಷ್ಟೆ.

ತೀರ್ಮಾನ ಕೈಗೊಳ್ಳುವ ಮನಸ್ಸಿನ ವಿಷಯವೂ ಹೀಗೆಯೇ ಎಂಬುದು ನನ್ನ ಅಭಿಪ್ರಾಯ.

ನಾರಾವಿಯಂಥ ಊರಿನಲ್ಲಿ ನಾಯಕರೆಂದರೆ ಮಂತ್ರಿಗಳಷ್ಟೇ ಅಲ್ಲ. ಪಂಚಾಯತ್ ಅಧ್ಯಕ್ಷರು, ಹಾಲಿನ ಸೊಸೈಟಿಯ ಕಾರ್ಯದರ್ಶಿ, ಶಾಲೆಯ ಮುಖ್ಯೋಪಾಧ್ಯಾಯರು, ಸ್ವಸಹಾಯ ಸಂಘ ನಡೆಸುವ ಅಕ್ಕ, ಹತ್ತು ಜನರಿರುವ ಮನೆಯ ಯಜಮಾನರು, ಎಲ್ಲರೂ ನಾಯಕರೇ. ತಲೆನೋವು, ಎದೆಯುರಿ, ನಿದ್ರಾಹೀನತೆ ಎಂದು ಬರುವ ಇಂಥವರು ಮೊದಲು ಹೇಳುವ ಮಾತು, 'ಪುರುಸೊತ್ತೇ ಇಲ್ಲ ಡಾಕ್ಟ್ರೇ.' ಆ ಮಾತಿನಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು. ಸುಮ್ಮನೆ ಕುಳಿತವನನ್ನು ಸೋಮಾರಿ ಎನ್ನುವ ನಮ್ಮ ಸಮಾಜ ಸದಾ ಓಡಾಡುವವನನ್ನೇ ಕೆಲಸಗಾರನೆಂದು ಮೆಚ್ಚುತ್ತದೆ. ಇದು ತಪ್ಪು.

ಸಿಟ್ಟು ಬಂದಾಗ ದೇಹದಲ್ಲಿ ಏನಾಗುತ್ತದೆ ನೋಡಿ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿ ಎದುರಾದಾಗ ಓಡಲು ಅಥವಾ ಹೋರಾಡಲು ಇದು ಒಳ್ಳೆಯ ಏರ್ಪಾಡು. ಆದರೆ ಸಹೋದರರ ನಡುವೆ ತೋಟ ಪಾಲು ಮಾಡಲು, ನೌಕರನೊಬ್ಬನನ್ನು ಕೆಲಸದಿಂದ ತೆಗೆಯಲು, ಮಗಳ ಓದು ನಿಲ್ಲಿಸಬೇಕೇ ಎಂದು ನಿರ್ಧರಿಸಲು ಇದು ತಕ್ಕ ಸ್ಥಿತಿಯಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಸಾಮಾನ್ಯ ಮನುಷ್ಯನ ಸಿಟ್ಟು ಅವನನ್ನೇ ಸುಟ್ಟರೆ, ಯಜಮಾನನ ಸಿಟ್ಟು ಹತ್ತು ಮಂದಿಯ ಬದುಕನ್ನು ಸುಡುತ್ತದೆ.

ಪುರುಸೊತ್ತಿಲ್ಲ ಎನ್ನುವವರು ಗಾಂಧೀಜಿಯವರನ್ನು ನೆನೆಯಬೇಕು. 1927ರ ಮಾರ್ಚ್‌ನಲ್ಲಿ, ಬಿಡುವಿಲ್ಲದ ಪ್ರವಾಸದ ನಡುವೆ, 57ರ ವಯಸ್ಸಿನಲ್ಲಿ ಅವರು ಕುಸಿದರು. ರಕ್ತದೊತ್ತಡ ಏರಿದೆ, ವಿಶ್ರಾಂತಿ ಅಗತ್ಯ ಎಂದರು ವೈದ್ಯರು. ಏಪ್ರಿಲ್‌ನಲ್ಲಿ ನಮ್ಮ ನಂದಿಬೆಟ್ಟಕ್ಕೆ ಬಂದು ಸುಮಾರು ಒಂದೂವರೆ ತಿಂಗಳು ತಂಗಿದರು. ಅದರಿಂದ ಅವರ ಕೆಲಸವೇನೂ ಮುಳುಗಲಿಲ್ಲ. ಚೇತರಿಸಿಕೊಂಡು ಮತ್ತೆ ಪ್ರವಾಸ ಹೊರಟ ಅವರು, ಮೂರು ವರ್ಷಗಳ ಬಳಿಕ ದಂಡಿಗೆ ಕಾಲ್ನಡಿಗೆಯಲ್ಲೇ ಹೋದರು. ಪ್ರತಿ ಸೋಮವಾರ ಮೌನವನ್ನೂ ಪಾಲಿಸುತ್ತಿದ್ದರು. ಅಗತ್ಯವಿದ್ದರೆ ಚೀಟಿಯಲ್ಲಿ ಬರೆದು ತಿಳಿಸುತ್ತಿದ್ದರು. ಒಂದು ದೇಶದ ಹೊರೆ ಹೊತ್ತವರಿಗೆ ವಾರಕ್ಕೊಂದು ದಿನ ಸಿಕ್ಕಿದರೆ, ನಮಗೆ ದಿನಕ್ಕೆ ಐದು ನಿಮಿಷ ಸಿಗದೇ?

ಅಷ್ಟು ದೂರವೂ ಹೋಗಬೇಕಾಗಿಲ್ಲ. ನಾರಾವಿಗೆ ಒಂದು ಕಡೆ ಕಾರ್ಕಳ, ಇನ್ನೊಂದು ಕಡೆ ವೇಣೂರು. ಎರಡೂ ಕಡೆ ಬಾಹುಬಲಿ ನಿಂತಿದ್ದಾನೆ. ಕಾರ್ಕಳದ ಮೂರ್ತಿಯನ್ನು 1432ರಲ್ಲಿ ವೀರಪಾಂಡ್ಯ, ವೇಣೂರಿನದನ್ನು 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದರು. ಇಬ್ಬರೂ ರಾಜ್ಯವಾಳಿದವರು. ಅಣ್ಣ ಭರತನನ್ನು ಎತ್ತಿ ಹಿಡಿದ ಗೆಲುವಿನ ಭಂಗಿಯಲ್ಲಿ ಅವರು ಬಾಹುಬಲಿಯನ್ನು ಕೆತ್ತಿಸಲಿಲ್ಲ. ಕಾಲಿಗೆ ಬಳ್ಳಿ ಹಬ್ಬುವಷ್ಟು ನಿಶ್ಚಲನಾಗಿ ನಿಂತವನನ್ನೇ ಆರಿಸಿಕೊಂಡರು. ಎತ್ತಿದ ಕೈ ನೆಲಕ್ಕೆ ಅಪ್ಪಳಿಸುವ ಮುನ್ನ ಒಂದು ಕ್ಷಣ ತಡೆಯಿತಲ್ಲ, ಅದೇ ಆ ಕಥೆಯ ಸಾರ. ಅವನಂತೆ ರಾಜ್ಯ ಬಿಡುವುದು ನಮ್ಮಿಂದಾಗದು. ಆ ಒಂದು ಕ್ಷಣ ತಡೆಯುವುದು ಸಾಧ್ಯ.

ಹಾಗೆಂದು ಎಲ್ಲಕ್ಕೂ 'ನಾಳೆ ನೋಡುವ' ಎನ್ನುವುದು ಚಿಂತನೆಯಲ್ಲ, ಅದು ಜಾರಿಕೊಳ್ಳುವ ಉಪಾಯ. ಹಾವು ಕಚ್ಚಿದಾಗ, ಎದೆನೋವು ಬಂದಾಗ ಯೋಚಿಸುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ. ಮೌನದಲ್ಲಿ ಕೂರುತ್ತೇನೆಂದು ರಕ್ತದೊತ್ತಡದ ಮಾತ್ರೆಯನ್ನೂ ಬಿಡಬೇಡಿ.

ಮಾಡಬೇಕಾದದ್ದು ಇಷ್ಟೇ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಜಗಲಿಯಲ್ಲಿ ಐದು ನಿಮಿಷ ಕುಳಿತು ನಿಧಾನವಾಗಿ ಉಸಿರಾಡಿ. ಸಿಟ್ಟಿನಲ್ಲಿ ಬರೆದ ಕಾಗದವನ್ನು ಅಂದೇ ಕಳುಹಿಸಬೇಡಿ. ದೊಡ್ಡ ತೀರ್ಮಾನದ ಮುಂಚೆ ಒಂದು ರಾತ್ರಿ ಚೆನ್ನಾಗಿ ನಿದ್ರಿಸಿ. ಸಭೆಯಲ್ಲಿ ಕೊನೆಗೆ ಮಾತನಾಡಿ.

ಮನೆಯವರಿಗೂ ಒಂದು ಮಾತು. ಅಪ್ಪನೋ ಅಮ್ಮನೋ ಸುಮ್ಮನೆ ಕುಳಿತಿದ್ದರೆ 'ಏನಾಯಿತು?' ಎಂದು ಎಬ್ಬಿಸಬೇಡಿ. ಆ ಐದು ನಿಮಿಷದ ಲಾಭ ಇಡೀ ಮನೆಗೆ ಸಲ್ಲುತ್ತದೆ.