ಎದುರಿಗೆ ಯಾರೂ ಹಾಯದ ಜಗಲಿ

ಮಲೆನಾಡಿನ ಮನೆಗಳಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯದೊಂದು ಕರೆ ಬರತೊಡಗಿದೆ. ಸಿಯಾಟಲ್ಲಿನಲ್ಲಿಯೋ ಕ್ಯಾಲಿಫೋರ್ನಿಯಾದಲ್ಲಿಯೋ ನೆಲೆಸಿರುವ ಮಗ ಫೋನು ಮಾಡಿ, “ಅಪ್ಪಯ್ಯ, ಈ ಸಲ ನೀವೂ ಆಯಿಯೂ ಬಂದಾಗ ಅಲಾಸ್ಕಾ ಕ್ರೂಸಿಗೆ ಹೋಗೋಣ. ಏಳು ರಾತ್ರಿ. ಬಾಲ್ಕನಿ ಇರುವ ಕೋಣೆಯನ್ನೇ ಹಿಡಿದಿದ್ದೇನೆ” ಎನ್ನುತ್ತಾನೆ. ಅಡಿಕೆ ಕೊಯ್ಲು, ಮಂಗನ ಕಾಟ, ಕೊಳೆರೋಗಗಳ ನಡುವೆ ಬದುಕು ಸವೆಸಿದ ತಂದೆತಾಯಿಗಳಿಗೆ ಹಿಮದ ಬೆಟ್ಟಗಳನ್ನು ತೋರಿಸಬೇಕೆಂಬ ಆ ಮಗನ ಹಂಬಲ ನಿಜವಾದದ್ದು. ಅದನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ನಮ್ಮ ತಕರಾರು ಇರುವುದು ಆ ನೌಕೆಯ ಮೇಲೆ, ಅದು ಮಾರುತ್ತಿರುವ ‘ನಿಸರ್ಗದರ್ಶನ’ವೆಂಬ ಸರಕಿನ ಮೇಲೆ.

ಮೊದಲ ಬಾರಿಗೆ ಇಂಥ ಯಾನಕ್ಕೆ ಸಿದ್ಧರಾಗುವವರು ತಿಂಗಳುಗಟ್ಟಲೆ ಯಾವ ಪ್ರಶ್ನೆಗಳನ್ನು ಚರ್ಚಿಸುತ್ತಾರೆಂಬುದನ್ನು ಗಮನಿಸಿ. ಕೋಣೆ ನೌಕೆಯ ಬಲಮಗ್ಗುಲಿಗೆ ಇರಬೇಕೋ ಎಡಮಗ್ಗುಲಿಗೋ? ಕೆಳಗೆ ತೂಗುಹಾಕಿದ ಜೀವರಕ್ಷಕ ದೋಣಿಗಳು ನೋಟಕ್ಕೆ ಅಡ್ಡ ಬರುವುದಿಲ್ಲ ತಾನೆ? ಹಿಂಭಾಗದಲ್ಲಿ ಎಂಜಿನ್ನಿನ ನಡುಕ ಎಷ್ಟು? (ಬಲ-ಎಡಗಳ ಚಿಂತೆಗೆ ಅರ್ಥವೇ ಇಲ್ಲ. ಸಿಯಾಟಲ್ಲಿನಿಂದ ಹೊರಟು ಸಿಯಾಟಲ್ಲಿಗೇ ಮರಳುವ ಯಾನದಲ್ಲಿ ಹೋಗುವಾಗ ಕಾಣದ ದಡ ಬರುವಾಗ ಕಾಣುತ್ತದೆ; ಹಿಮನದಿಯ ಮುಂದೆಯಂತೂ ನೌಕೆಯೇ ಮೆಲ್ಲನೆ ಸುತ್ತು ತಿರುಗಿ ಎರಡೂ ಮಗ್ಗುಲಿನವರಿಗೆ ದರ್ಶನ ಮಾಡಿಸುತ್ತದೆ.) ಟಿಕೆಟ್ಟಿನ ಬೆಲೆಯ ಮೇಲೆ ಪ್ರತಿದಿನ, ಪ್ರತಿ ತಲೆಗೆ ಕಡ್ಡಾಯವೆಂಬಂತೆ ಸೇರಿಸುವ ‘ಇನಾಮು’ ಎಷ್ಟು, ಪಾನೀಯಗಳಿಗೆ ಬೇರೆ ಹಣವೇ ಎಂಬ ಲೆಕ್ಕಾಚಾರವೂ ನಡೆಯುತ್ತದೆ. ಆದರೆ ನಾವು ಇಳಿಯಲಿರುವ ಊರಿನ ಜನಸಂಖ್ಯೆ ಎಷ್ಟು, ಅದೇ ದಿನ ಇನ್ನೆಷ್ಟು ನೌಕೆಗಳು ಅಲ್ಲಿಗೆ ಬರುತ್ತವೆ, ನಮ್ಮ ಸ್ನಾನದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಇಲ್ಲದಂತೆ ನೋಡಿಕೊಳ್ಳುವುದೇ ಈ ಉದ್ಯಮದ ಜಾಣ್ಮೆ.

ಬಾಲ್ಕನಿಯೆಂದರೇನು? ನಮ್ಮ ಕಡೆಯ ಹಳೆಯ ಮನೆಗಳಿಗೆ ಜಗಲಿಯಿದೆ. ದಾರಿಯಲ್ಲಿ ಹೋಗುವವರು ಅಲ್ಲಿ ಕೂರುತ್ತಾರೆ; ಬೆಲ್ಲ-ನೀರು ಕೊಡುತ್ತೇವೆ, ಕವಳದ ತಟ್ಟೆ ಮುಂದಿಡುತ್ತೇವೆ, ಊರಿನ ಸುದ್ದಿ ಅಲ್ಲಿಯೇ ಬಂದು ಬೀಳುತ್ತದೆ. ಜಗಲಿಯು ಮನೆಯೊಳಗಿನವರನ್ನು ಹೊರಗಿನ ಲೋಕಕ್ಕೆ ಉತ್ತರಿಸುವಂತೆ ಮಾಡುವ ಜಾಗ. ನೌಕೆಯ ಬಾಲ್ಕನಿ ಇದರ ತದ್ವಿರುದ್ಧ. ಎರಡೂ ಬದಿಗೆ ಅಡ್ಡಗೋಡೆ, ಪಕ್ಕದವರ ಮುಖ ಕಾಣದು. ಎದುರಿಗೆ ಯಾರೂ ಹಾಯುವುದಿಲ್ಲ. ಇಂದು ಕಟ್ಟಲಾಗುವ ದೊಡ್ಡ ನೌಕೆಗಳ ಕೋಣೆಗಳಲ್ಲಿ ಬಹುಪಾಲಿಗೆ ಇಂಥ ಬಾಲ್ಕನಿಯಿದೆ. ಅದಕ್ಕಾಗಿಯೇ ಅವು ಮಹಡಿಯ ಮೇಲೆ ಮಹಡಿಯೇರಿ ಕಡಲ ಮೇಲಿನ ವಸತಿ ಸಮುಚ್ಚಯಗಳಂತೆ ಕಾಣುತ್ತವೆ. ಅಲಾಸ್ಕಾ ಯಾನಗಳನ್ನೇ ಕಣ್ಣಮುಂದಿಟ್ಟುಕೊಂಡು 2018ರಲ್ಲಿ ನೀರಿಗಿಳಿಸಲಾದ ‘ನಾರ್ವೇಜಿಯನ್ ಬ್ಲಿಸ್’ ಎಂಬ ಒಂದೇ ನೌಕೆ ಸುಮಾರು 4,000 ಪ್ರಯಾಣಿಕರನ್ನು ಹೊರುತ್ತದೆ. ಪ್ರತಿಯೊಬ್ಬರಿಗೂ ಕಾಡಿನ ಏಕಾಂತವನ್ನು ಮಾರಬೇಕಾದರೆ ನಾಲ್ಕು ಸಾವಿರ ಜನರನ್ನು ಒಂದರ ಮೇಲೊಂದು ಪೇರಿಸಬೇಕಾಯಿತೆಂಬ ವ್ಯಂಗ್ಯವನ್ನು ಓದುಗರೇ ಪರಿಭಾವಿಸಲಿ.

ಇನ್ನು ಬಂದರುಗಳ ಕಡೆ ನೋಡೋಣ. ಅಲಾಸ್ಕಾದ ರಾಜಧಾನಿ ಜೂನೋ. ಒಂದು ಕಡೆ ಕಡಲ ಕಾಲುವೆ, ಇನ್ನೊಂದು ಕಡೆ ಕಡಿದಾದ ಬೆಟ್ಟ. ಹೊರಜಗತ್ತಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಜನಸಂಖ್ಯೆ ಸುಮಾರು 32 ಸಾವಿರ, ಅಂದರೆ ನಮ್ಮ ಕಡೆಯ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು. 2023ರ ಒಂದೇ ಋತುವಿನಲ್ಲಿ ಈ ಊರಿಗೆ ನೌಕೆಗಳಿಂದ ಬಂದಿಳಿದವರು 16 ಲಕ್ಷಕ್ಕೂ ಹೆಚ್ಚು. ಊರವನೊಬ್ಬನಿಗೆ ಐವತ್ತು ಅತಿಥಿಗಳು! ಇನ್ನೂ ಉತ್ತರದ ಸ್ಕಾಗ್ವೇಯಲ್ಲಿ ಇರುವವರು ಸಾವಿರದ ಇನ್ನೂರರ ಆಸುಪಾಸು. ಅಲ್ಲಿಗೆ ಬರುವವರು ವರ್ಷಕ್ಕೆ 10 ಲಕ್ಷಕ್ಕೂ ಮಿಕ್ಕಿ. ನಮ್ಮ ಊರಿನ ತೇರಿಗೆ ಸುತ್ತಲಿನ ಹತ್ತು ಹಳ್ಳಿಗಳವರು ಬಂದರೆ ಒಂದೇ ದಿನದಲ್ಲಿ ಬಾವಿಯ ನೀರು ಕೆಳಗಿಳಿಯುತ್ತದೆ. ಅಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ದಿನವೂ ತೇರು.

ಬಂದವರು ನೋಡುವುದೇನನ್ನು? ಹಡಗುಕಟ್ಟೆಯಿಂದ ಹೊರಬಿದ್ದೊಡನೆ ಎದುರಾಗುವುದು ವಜ್ರದ, ಆಭರಣಗಳ ಅಂಗಡಿಗಳ ಸಾಲು. ಅವುಗಳಲ್ಲಿ ಹಲವು ಋತು ಮುಗಿದೊಡನೆ ಬಾಗಿಲೆಳೆದುಕೊಂಡು ಹೋಗುವಂಥವು. ಚಳಿಗಾಲದಲ್ಲಿ ಊರವರು ಕತ್ತಲೆಗಟ್ಟಿದ ಪೇಟೆಬೀದಿಯಲ್ಲಿ ನಡೆಯಬೇಕು. ಹಿಮನದಿಯ ಬಳಿಗೆ, ತಿಮಿಂಗಿಲ ವೀಕ್ಷಣೆಗೆ ಹೋಗುವ ಪ್ರವಾಸಗಳನ್ನು ನೌಕೆಯ ಕಂಪನಿಯೇ ಮುಂಗಡವಾಗಿ ಮಾರಿ ತನ್ನ ಪಾಲನ್ನು ಕತ್ತರಿಸಿಕೊಂಡಿರುತ್ತದೆ. ಸಂಜೆಯೊಳಗೆ ಎಲ್ಲರೂ ಮರಳಿ ಹಡಗಿಗೆ. ಊಟ ಅಲ್ಲಿಯೇ, ನಿದ್ರೆಯೂ ಅಲ್ಲಿಯೇ. ಊರಿನಲ್ಲಿ ಒಂದು ರಾತ್ರಿಯೂ ಉಳಿಯದವನನ್ನು ನಮ್ಮ ಭಾಷೆಯಲ್ಲಿ ನೆಂಟ ಎನ್ನುವುದಿಲ್ಲ.

ಯಾನದ ಕೊನೆಗೆ ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ ರಾತ್ರಿ ಕೆಲವು ಗಂಟೆಗಳ ನಿಲುಗಡೆಯಿರುತ್ತದೆ. ಆ ಊರಿನ ಮೇಲಿನ ಪ್ರೀತಿಯಿಂದಲ್ಲ! ಅಮೆರಿಕದ 1886ರ ಕಾನೂನೊಂದರ ಪ್ರಕಾರ ವಿದೇಶೀ ಧ್ವಜದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ, ನಡುವೆ ಪರದೇಶದ ಒಂದು ಬಂದರನ್ನು ಮುಟ್ಟಲೇಬೇಕು. ಈ ಶಾಸ್ತ್ರದ ನಿಲುಗಡೆಗಾಗಿ ಭಾರತದ ಪಾಸ್‌ಪೋರ್ಟಿನ ನಮ್ಮ ತಂದೆತಾಯಿಗಳು ಕೆನಡಾದ ವೀಸಾವನ್ನು ಪ್ರತ್ಯೇಕವಾಗಿ ಮಾಡಿಸಬೇಕಾಗುತ್ತದೆ. ಮಕ್ಕಳು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅಮೆರಿಕದಲ್ಲಿ ಟಿಕೆಟ್ಟು ಮಾರಿ, ಅಮೆರಿಕದ ಕರಾವಳಿಯಲ್ಲಿ ಓಡಾಡುವ ಹಡಗುಗಳ ಮೇಲೆ ಬಹಾಮಾಸ್, ಪನಾಮಾ, ಬರ್ಮುಡಾಗಳ ಧ್ವಜ ಏಕೆ? ರಾಯಲ್ ಕೆರಿಬಿಯನ್ ಕಂಪನಿಯು ಲೈಬೀರಿಯಾದಲ್ಲಿ ನೋಂದಣಿಗೊಂಡಿರುವುದೇಕೆ? ಉತ್ತರ ಸರಳ: ತೆರಿಗೆ ಮತ್ತು ಕಾರ್ಮಿಕ ಕಾನೂನು. ಅಂತರರಾಷ್ಟ್ರೀಯ ಸಮುದ್ರ ಕಾರ್ಮಿಕ ಒಡಂಬಡಿಕೆಯು ವಾರಕ್ಕೆ 72 ಗಂಟೆಗಳವರೆಗಿನ ದುಡಿಮೆಗೆ ಅವಕಾಶ ಕೊಟ್ಟಿದೆ. ಬಾಲ್ಕನಿಯ ಹಾಸಿಗೆಯನ್ನು ದಿನವೂ ಸರಿಪಡಿಸುವ ಹುಡುಗ ಫಿಲಿಪ್ಪೀನ್ಸಿನವನೋ ಇಂಡೋನೇಷ್ಯಾದವನೋ ಗೋವೆ-ಮಂಗಳೂರುಗಳ ಕಡೆಯವನೋ ಆಗಿರುತ್ತಾನೆ. ತಿಂಗಳುಗಟ್ಟಲೆ ರಜೆಯಿಲ್ಲದೆ ದುಡಿಯುವ ಆತನ ಕೋಣೆ ನೀರಿನ ಮಟ್ಟದ ಆಸುಪಾಸಿನಲ್ಲಿದೆ. ಅದಕ್ಕೆ ಕಿಟಕಿಯಿರುವುದಿಲ್ಲ.

ಮಾಲಿನ್ಯದ ವಿಷಯಕ್ಕೆ ಬಂದರೆ ಕಂಪನಿಗಳು ಹಸಿರು ಬಣ್ಣದ ಕರಪತ್ರಗಳನ್ನು ಮುಂದಿಡುತ್ತವೆ. ನಾವು ನ್ಯಾಯಾಲಯದ ದಾಖಲೆಗಳನ್ನು ಮುಂದಿಡೋಣ. 2013ರ ಆಗಸ್ಟಿನಲ್ಲಿ ‘ಕೆರಿಬಿಯನ್ ಪ್ರಿನ್ಸೆಸ್’ ನೌಕೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಎಂಜಿನಿಯರನೊಬ್ಬ ಎಣ್ಣೆ ಬೆರೆತ ಕೊಳೆನೀರನ್ನು ಇಂಗ್ಲೆಂಡಿನ ತೀರದಾಚೆ ಗುಟ್ಟಾಗಿ ಕಡಲಿಗೆ ಬಿಡುತ್ತಿದ್ದ ಕೊಳವೆಯನ್ನು ಕಂಡು ಅಧಿಕಾರಿಗಳಿಗೆ ದೂರಿತ್ತ. ಆ ಕೊಳವೆಗೆ ಹಡಗಿನವರಿಟ್ಟ ಹೆಸರು ‘ಮಾಯಾ ಕೊಳವೆ’. ತಪಾಸಣೆ ನಡೆದಾಗ ಈ ಪದ್ಧತಿ ವರ್ಷಗಳಿಂದ ನಡೆದುಬಂದಿತ್ತೆಂಬುದು ಬಯಲಾಯಿತು. 2016ರಲ್ಲಿ ಪ್ರಿನ್ಸೆಸ್ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಅಲ್ಲಿಗಾದರೂ ಬುದ್ಧಿ ಬಂದಿತೇ? 2019ರಲ್ಲಿ ಅದರ ಮಾತೃಸಂಸ್ಥೆ ಕಾರ್ನಿವಲ್, ನ್ಯಾಯಾಲಯದ ಷರತ್ತುಗಳನ್ನು ಮುರಿದುದಕ್ಕಾಗಿ ಇನ್ನೂ 2 ಕೋಟಿ ಡಾಲರ್ ಕಟ್ಟಿತು. ಆಹಾರದ ಕಸದೊಂದಿಗೆ ಪ್ಲಾಸ್ಟಿಕ್ಕನ್ನು ಬಹಾಮಾಸ್ ಕಡಲಿಗೆಸೆದದ್ದೂ ಆ ಆರೋಪಗಳಲ್ಲಿತ್ತು. 2022ರಲ್ಲಿ ಪ್ರಿನ್ಸೆಸ್ ಮತ್ತೊಮ್ಮೆ ಷರತ್ತು ಮುರಿದು ತಪ್ಪೊಪ್ಪಿಕೊಂಡಿತು. ಮೂರು ಸಲ ಸಿಕ್ಕಿಬಿದ್ದ ಕಳ್ಳನನ್ನು ನಮ್ಮ ಊರಿನ ಪಂಚಾಯ್ತಿಯಲ್ಲಿ ಯಾರೂ ಅತಿಥಿಯೆಂದು ಕರೆಯುವುದಿಲ್ಲ.

ಕಾನೂನಿಗೆ ಒಳಪಟ್ಟು ನಡೆಯುವ ಮಾಲಿನ್ಯವೂ ಇದೆ. 2020ರಿಂದ ಜಗತ್ತಿನ ಹಡಗುಗಳ ಇಂಧನದಲ್ಲಿ ಗಂಧಕದ ಪ್ರಮಾಣವನ್ನು ಶೇಕಡಾ 0.5ಕ್ಕೆ ಇಳಿಸಲಾಯಿತು; ಉತ್ತರ ಅಮೆರಿಕದ ತೀರದಲ್ಲಿ 2015ರಿಂದಲೇ ಮಿತಿ ಶೇಕಡಾ 0.1. ಸ್ವಚ್ಛ ಇಂಧನ ದುಬಾರಿ. ಆದ್ದರಿಂದ ಅನೇಕ ಹಡಗುಗಳು ಹಳೆಯ ದಪ್ಪ ಎಣ್ಣೆಯನ್ನೇ ಉರಿಸಿ, ಹೊಗೆಯನ್ನು ಕಡಲನೀರಿನಲ್ಲಿ ತೊಳೆದು, ಆ ಆಮ್ಲೀಯ ನೀರನ್ನು ಮರಳಿ ಕಡಲಿಗೇ ಬಿಡುವ ಯಂತ್ರಗಳನ್ನು ಅಳವಡಿಸಿಕೊಂಡಿವೆ. ಆಕಾಶದ ಕೊಳೆ ನೀರಿಗೆ ಬಂತು, ಲೆಕ್ಕಪುಸ್ತಕ ಮಾತ್ರ ಶುದ್ಧವಾಯಿತು. ಡೆನ್ಮಾರ್ಕು 2025ರ ಜುಲೈಯಿಂದ ತನ್ನ ತೀರದ ಸಮೀಪ ಇದನ್ನು ನಿಷೇಧಿಸಿದೆ.

ಜೂನೋ ಊರಿನ ಹೊರವಲಯದಲ್ಲಿ ಮೆಂಡೆನ್‌ಹಾಲ್ ಹಿಮನದಿಯಿದೆ. ಬಂದರಿಗಿಳಿದವರಲ್ಲಿ ಲಕ್ಷಾಂತರ ಮಂದಿ ಬಸ್ಸಿನಲ್ಲಿ ಅಲ್ಲಿಗೇ ಧಾವಿಸುತ್ತಾರೆ. ಅದು ವರ್ಷವರ್ಷವೂ ಹಿಂದೆ ಸರಿಯುತ್ತಿದೆ. ಹಿಮ ಕರಗಿ ಬರಿದಾದ ಪಕ್ಕದ ಕೊಳ್ಳದಲ್ಲಿ ನೀರು ಕಟ್ಟಿ ನಿಂತು, ಬೇಸಿಗೆಯಲ್ಲಿ ಒಮ್ಮೆಲೇ ಹಿಮದಡಿಯಿಂದ ನುಗ್ಗಿ ಬರುತ್ತದೆ. 2023ರ ಆಗಸ್ಟಿನಲ್ಲಿ ನದೀತೀರದ ಮನೆ ದಂಡೆಯ ಸಮೇತ ಕುಸಿದು ನೀರುಪಾಲಾಯಿತು. 2024ರ ಆಗಸ್ಟ್ ಮೊದಲ ವಾರದಲ್ಲಿ ಸುಮಾರು 300 ಮನೆಗಳಿಗೆ ನೀರು ನುಗ್ಗಿತು. 2025ರಲ್ಲಿ ನದಿಯ ಮಟ್ಟ ಅದನ್ನೂ ಮೀರಿತು. ತಾತ್ಕಾಲಿಕ ತಡೆಗೋಡೆ ಕಟ್ಟಿದ್ದರಿಂದ ಬಹಳಷ್ಟು ಮನೆಗಳು ಉಳಿದುಕೊಂಡವು. ದಿನಾಂಕಗಳನ್ನು ನೋಡಿ: ನಮ್ಮ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು 2024ರ ಜುಲೈ 16ರಂದು, ವಯನಾಡಿನ ಮುಂಡಕ್ಕೈ-ಚೂರಲ್‌ಮಲ ಮಣ್ಣಿನಡಿಯಾದದ್ದು ಜುಲೈ 30ರಂದು. ಅದಾದ ಒಂದು ವಾರಕ್ಕೆ ಜೂನೋದಲ್ಲಿ ಪ್ರವಾಹ. ಇವೆಲ್ಲಕ್ಕೂ ವಿಹಾರನೌಕೆಗಳೇ ಕಾರಣವೆನ್ನುವುದು ಅಪ್ರಾಮಾಣಿಕವಾದೀತು. ಆದರೆ ಕರಗುತ್ತಿರುವ ಹಿಮವನ್ನು ‘ಹೋಗಿಬಿಡುವ ಮುನ್ನ ನೋಡಿಬಿಡಿ’ ಎಂಬ ಧಾಟಿಯಲ್ಲಿ ಮಾರುವುದು, ಅದನ್ನು ನೋಡಲು ಟನ್ನುಗಟ್ಟಲೆ ಎಣ್ಣೆ ಸುಡುವುದು, ನೋಡಿದವನು ಸಂಜೆ ಬಾಲ್ಕನಿಗೆ ಮರಳಿ ಕುರ್ಚಿ ಎಳೆದುಕೊಳ್ಳುವುದು, ಇವು ಸಾವಿನ ಮನೆಯ ಮುಂದೆ ಟಿಕೆಟ್ಟು ಹರಿಯುವುದಕ್ಕೆ ಸಮ.

“ನಮಗೆ ಇದರಿಂದಲೇ ಅನ್ನ” ಎನ್ನುವವರು ಅಲ್ಲಿ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕೋವಿಡ್ ಕಾಲದ 2020ರ ಬೇಸಿಗೆಯಲ್ಲಿ ದೊಡ್ಡ ನೌಕೆಗಳು ಬಾರದೆ ಸ್ಕಾಗ್ವೇಯಂಥ ಊರುಗಳ ಸಂಪಾದನೆಯೇ ನಿಂತುಹೋಯಿತು. ಹೂನಾ ಎಂಬ ಪುಟ್ಟ ಊರಿನಲ್ಲಿ ಟ್ಲಿಂಗಿಟ್ ಮೂಲನಿವಾಸಿಗಳ ಸಂಸ್ಥೆಯೇ 2004ರಿಂದ ಬಂದರನ್ನು ನಡೆಸುತ್ತಿದ್ದು, ಲಾಭ ಅವರಲ್ಲಿಯೇ ಉಳಿಯುತ್ತದೆ. ಕಟ್ಟೆಗೆ ನಿಂತ ನೌಕೆ ಎಂಜಿನ್ನನ್ನು ಆರಿಸಿ ದಡದ ಜಲವಿದ್ಯುತ್ತನ್ನು ಪಡೆಯುವ ವ್ಯವಸ್ಥೆ ಜಗತ್ತಿನಲ್ಲಿ ಮೊದಲು ಬಂದದ್ದು ಜೂನೋದಲ್ಲಿಯೇ, 2001ರಲ್ಲಿ. ಇವು ಒಳ್ಳೆಯ ಕೆಲಸಗಳೇ. ಆದರೂ ಒಂದೇ ಬೆಳೆಯನ್ನು ನಂಬಿದ ತೋಟದ ಗತಿ ಏನೆಂಬುದನ್ನು ಅಡಿಕೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಊರವರು ಸುಮ್ಮನೆ ಕುಳಿತಿಲ್ಲವೆಂಬುದೇ ನಮಗೆ ಮುಖ್ಯವಾದ ಸಂಗತಿ. ಜೂನೋ ನಗರವು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು 2024ರಿಂದ ದಿನಕ್ಕೆ ಐದೇ ದೊಡ್ಡ ನೌಕೆಗಳೆಂದು ನಿಗದಿಪಡಿಸಿತು. 2026ರಿಂದ ದಿನಕ್ಕೆ 16 ಸಾವಿರ, ಶನಿವಾರ 12 ಸಾವಿರ ಪ್ರಯಾಣಿಕರೆಂಬ ಮಿತಿಯನ್ನೂ ಗೊತ್ತುಮಾಡಿತು. ಮಿತಿಯೇ ಊರಿನ ಅರ್ಧದಷ್ಟು! ಶನಿವಾರಗಳಂದು ನೌಕೆಯೇ ಬೇಡವೆಂಬ ಪ್ರಸ್ತಾಪವನ್ನು ನಾಗರಿಕರು 2024ರ ಅಕ್ಟೋಬರಿನಲ್ಲಿ ಮತಕ್ಕಿಟ್ಟರು, ಅದು ಸೋತಿತು. ಆದರೆ ಅಮೆರಿಕದ ಇನ್ನೊಂದು ತುದಿಯ ಬಾರ್ ಹಾರ್ಬರ್ ಎಂಬ ಊರಿನವರು 2022ರಲ್ಲಿ ಮತ ಹಾಕಿ ದಿನಕ್ಕೆ 1,000 ಪ್ರಯಾಣಿಕರಷ್ಟೇ ಇಳಿಯಲಿ ಎಂದು ತೀರ್ಮಾನಿಸಿದರು, ವ್ಯಾಪಾರಸ್ಥರು ನ್ಯಾಯಾಲಯಕ್ಕೆಳೆದರು. ಫ್ಲಾರಿಡಾದ ಕೀ ವೆಸ್ಟ್ ಜನರು 2020ರಲ್ಲಿ ಇಂಥದೇ ಮಿತಿಯನ್ನು ಮತದಿಂದ ಗೆದ್ದರೆ, ಮರುವರ್ಷವೇ ರಾಜ್ಯ ಸರ್ಕಾರ ಕಾನೂನು ತಂದು ಅದನ್ನು ಅಳಿಸಿಹಾಕಿತು. ಗ್ರಾಮಸಭೆಯ ನಿರ್ಣಯ ಮೇಲಿನವರ ಒಂದು ಸಹಿಯಿಂದ ಕಸದಬುಟ್ಟಿಗೆ ಹೋಗುವುದನ್ನು ನಾವೂ ಬಲ್ಲೆವು.

ಇದೆಲ್ಲ ದೂರದ ಕಡಲಿನ ಕತೆಯೆಂದು ಭಾವಿಸಬೇಡಿ. ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರೊಳಗೆ ವಿಹಾರನೌಕೆಯ ಪ್ರಯಾಣಿಕರನ್ನು ಇಮ್ಮಡಿಗೊಳಿಸುವ ಗುರಿ ಹಾಕಿಕೊಂಡಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಇಂಥ ನೌಕೆಗಳು ವರ್ಷಗಳಿಂದ ಬರುತ್ತಿವೆ. ಬಂದವರನ್ನು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಗಳಿಗೆ ಬಸ್ಸಿನಲ್ಲಿ ಸುತ್ತಿಸಿ ಸಂಜೆಗೆ ಹಡಗೇರಿಸುತ್ತಾರೆ. ಇಂದು ಸಂಖ್ಯೆ ಚಿಕ್ಕದು, ಆದ್ದರಿಂದಲೇ ಪ್ರಶ್ನೆ ಕೇಳಲು ಇದು ಸಕಾಲ. ಎಷ್ಟು ಜನರವರೆಗೆ? ಕೊಳೆನೀರಿನ ತಪಾಸಣೆ ಯಾರದು? ತಲೆಗಂದಾಯವೆಷ್ಟು, ಅದರಲ್ಲಿ ಮೂಡುಬಿದಿರೆಯ ಪಾಲೆಷ್ಟು? ಊಟಿ-ಕೊಡೈಕೆನಾಲುಗಳಿಗೆ ಮದ್ರಾಸ್ ಹೈಕೋರ್ಟು 2024ರ ಮೇ ತಿಂಗಳಿನಿಂದ ಜಾರಿಯಾಗುವಂತೆ ಇ-ಪಾಸ್ ವಿಧಿಸಬೇಕಾಗಿ ಬಂದದ್ದು ಬೆಟ್ಟ ತುಂಬಿ ತುಳುಕಿದ ಮೇಲೆ. ಕರಾವಳಿಯ ವಿದ್ಯಾರ್ಥಿ ಮಿತ್ರರು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿದರೂ ಈ ಲೆಕ್ಕಗಳ ಆರಂಭವಾದೀತು.

ಹಾಗಾದರೆ ಅಪ್ಪಯ್ಯ, ಆಯಿ ಅಲಾಸ್ಕಾ ನೋಡಲೇಬಾರದೇ? ನೋಡಲಿ. ಅಲಾಸ್ಕಾ ರಾಜ್ಯ ಸರ್ಕಾರವೇ 1963ರಿಂದ ನಡೆಸಿಕೊಂಡು ಬಂದಿರುವ ದೋಣಿ ಸೇವೆಯೊಂದಿದೆ. ನಮ್ಮ ಸಿಗಂದೂರು ಲಾಂಚಿನ ದೊಡ್ಡಣ್ಣ ಎನ್ನಬಹುದು. ಸಿಯಾಟಲ್ಲಿನ ಉತ್ತರಕ್ಕಿರುವ ಬೆಲ್ಲಿಂಗ್‌ಹ್ಯಾಮಿನಿಂದ ಹೊರಟು, ಅದೇ ಕಡಲ ಕಾಲುವೆಗಳ ಮೂಲಕ, ಅದೇ ಬೆಟ್ಟಗಳ ಬುಡದಲ್ಲಿ ಕೆಚಿಕನ್, ರ‍್ಯಾಂಗೆಲ್, ಪೀಟರ್ಸ್‌ಬರ್ಗ್, ಜೂನೋಗಳನ್ನು ಅದು ಮುಟ್ಟುತ್ತದೆ. ಶಾಲೆಯ ಆಟದ ತಂಡ, ಆಸ್ಪತ್ರೆಗೆ ಹೊರಟ ಮುದುಕಿ, ಊರಿನ ಸಾಮಾನು ಹೊತ್ತ ಲಾರಿ ಎಲ್ಲವೂ ಅದರಲ್ಲಿಯೇ. ಸರ್ಕಾರ ಅನುದಾನ ಕಡಿತಗೊಳಿಸಿದ್ದರಿಂದ ಓಡಾಟ ಕಡಿಮೆಯಾಗಿದೆ, ಆದ್ದರಿಂದ ಸಮಯಪಟ್ಟಿ ನೋಡಿಯೇ ಹೊರಡಬೇಕು. ಇಳಿದ ಊರಿನಲ್ಲಿ ಒಂದೆರಡು ರಾತ್ರಿ ಯಾರದಾದರೂ ಮನೆಯ ಅತಿಥಿಗೃಹದಲ್ಲಿ ತಂಗಬೇಕು. ವಯಸ್ಸಾದವರಿಗೆ ಸಾದಾ ಕೋಣೆಗಳಿವೆ. ಬಾಲ್ಕನಿಯಿಲ್ಲ. ಕೋಣೆ ಹಿಡಿಯದ ಹುಡುಗರು ಮೇಲಿನ ತೆರೆದ ಅಟ್ಟದಲ್ಲಿ ಗುಡಾರ ಹೂಡಿ, ಗಾಳಿಗೆ ಹಾರದಂತೆ ಅದರ ಅಂಚುಗಳನ್ನು ಗಟ್ಟಿ ಅಂಟುಪಟ್ಟಿಯಿಂದ ಹಲಗೆಗೆ ಅಂಟಿಸಿ ಮಲಗುತ್ತಾರೆ.