ಬೇಲಿಯನ್ನರಿಯದ ಬಳ್ಳಿ

ಮಧ್ಯ ಹಾಗೂ ದಕ್ಷಿಣ ಅಮೆರಿಕ ಮೂಲದ ಮೈಕೇನಿಯಾ ಬಳ್ಳಿ ಪಶ್ಚಿಮಘಟ್ಟದ ಕಾಡಂಚು, ಹಳ್ಳದ ದಂಡೆ, ತೋಟಗಳನ್ನು ಆವರಿಸುತ್ತಿದೆ. ಹೃದಯಾಕಾರದ ಎಲೆಯ ಈ ಬಳ್ಳಿ ಗಿಡಗಳ ನೆತ್ತಿಯೇರಿ ಬೆಳಕನ್ನು ಕಸಿಯುತ್ತದೆ. ಕಾಫಿ, ಬಾಳೆ, ಕಾಡಿನ ಎಳೆಯ ಸಸಿಗಳು ಅದರಡಿ ಸೊರಗುತ್ತವೆ.

ವರ್ಷಕ್ಕೊಮ್ಮೆ ಕತ್ತಿಯಾಡಿಸಿ ಸುಮ್ಮನಾಗುವುದು ಇದಕ್ಕೆ ಮದ್ದಲ್ಲ. ಗೆಣ್ಣಿರುವ ತುಂಡೊಂದು ಒದ್ದೆ ನೆಲಕ್ಕೆ ಬಿದ್ದರೆ ಸಾಕು, ಬೇರುಬಿಡುತ್ತದೆ. ಸವರಿದ ಬಳ್ಳಿಯನ್ನು ಹಳ್ಳಕ್ಕೆಸೆಯುವುದೆಂದರೆ ಕೆಳಗಿನ ಊರಿನಲ್ಲಿ ಅದನ್ನು ನೆಟ್ಟಂತೆಯೇ ಸರಿ. ಇದರ ಹತೋಟಿಗೆಂದು ಅಸ್ಸಾಂ ಮತ್ತು ಕೇರಳದಲ್ಲಿ 2005-06ರಲ್ಲಿ ಬಿಡುಗಡೆ ಮಾಡಿದ ತುಕ್ಕುರೋಗದ ಶಿಲೀಂಧ್ರವೂ ನೆಲೆಯೂರಲಿಲ್ಲ.

ಉಳಿದಿರುವುದು ಕೈಗೆಲಸವೇ. ಮಳೆ ಇಳಿಯುತ್ತಿದ್ದಂತೆ, ಹೂವರಳುವ ಮುನ್ನ, ಬೇರುಸಹಿತ ಕೀಳಬೇಕು. ಮಣ್ಣು ತಾಗದಂತೆ ಬಂಡೆಯ ಮೇಲೆ ಹರಡಿ ಪೂರ್ಣ ಒಣಗಿಸಬೇಕು. ಚಿಗುರು ಕಂಡಾಗಲೆಲ್ಲ ಮತ್ತೆ ಕೀಳಬೇಕು.

ಆದರೆ ಒಂದು ಮನೆಯ ಶ್ರಮ ಸಾಲದು. ನವಿರಾದ ಕುಚ್ಚಿರುವ ಇದರ ಬೀಜ ಗಾಳಿಯಲ್ಲಿ ತೇಲಿ ಬೇಲಿ ದಾಟುತ್ತದೆ. ಸ್ವಂತ ತೋಟವನ್ನು ಶುಚಿಗೊಳಿಸಿ ಸೊಪ್ಪಿನ ಬೆಟ್ಟವನ್ನೂ ರಸ್ತೆಯಂಚನ್ನೂ ಮರೆತರೆ ಮರುವರ್ಷ ಅದೇ ಗೋಳು. ಗ್ರಾಮಸಭೆ, ಅರಣ್ಯ ಸಮಿತಿ, ಶಾಲೆಯ ಮಕ್ಕಳು ಕೂಡಿ ದಿನ ಗೊತ್ತುಮಾಡಿಕೊಂಡು, ಹಳ್ಳದ ಮೇಲ್ತಲೆಯಿಂದಲೇ ಕೆಲಸ ಆರಂಭಿಸಲಿ. ನೀರು ಹಂಚಿಕೊಂಡ ಊರುಗಳು ಈ ಹೊಣೆಯನ್ನೂ ಹಂಚಿಕೊಳ್ಳಬೇಕು.